ಕೊಳಚೆಯ ಶಾಸ್ತ್ರದಲ್ಲಿ ಕರ್ತೃವಿಚಾರ

ಊರಿನ ಕೊಳಚೆನೀರು, ಹೊಲದ ಸೊಪ್ಪುಸದೆ, ಕೊಟ್ಟಿಗೆಯ ಸಗಣಿ, ಸಕ್ಕರೆಯ ಕಾರ್ಖಾನೆಯ ಕಾಕಂಬಿ ಇವುಗಳನ್ನು ಸೂಕ್ಷ್ಮಜೀವಿಗಳ ವಶಕ್ಕೆ ಕೊಟ್ಟು, ತಿಳಿಯಾದ ನೀರನ್ನೂ ಉರಿಯುವ ಅನಿಲವನ್ನೂ ಗೊಬ್ಬರವನ್ನೂ ಮದ್ಯಸಾರವನ್ನೂ ಪಡೆಯತಕ್ಕ ವಿದ್ಯೆಯೊಂದು ಈಗ ಶಾಲೆಯ ಪಾಠಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಶುದ್ಧೀಕರಣಸ್ಥಾವರಗಳ ಕೈಪಿಡಿಗಳಲ್ಲಿಯೂ ಕನ್ನಡದಲ್ಲಿ ನಿರೂಪಿತವಾಗುತ್ತಿದೆ. ಆ ವಿದ್ಯೆಯ ಪ್ರಯೋಗಗಳನ್ನು ಪರೀಕ್ಷಿಸುವುದು ತಜ್ಞರ ಕೆಲಸ. ಆದರೆ ನಿರೂಪಣೆಯು ಕನ್ನಡವಾದ ಮೇಲೆ ಅದು ಶಬ್ದಶಾಸ್ತ್ರದ ಪರೀಕ್ಷೆಗೆ ಒಳಪಡಲೇಬೇಕಷ್ಟೆ. ಕಾವ್ಯದಲ್ಲಿ ದೋಷವಿದ್ದರೆ ರಸಭಂಗವಾಗುತ್ತದೆ; ಈ ಬಗೆಯ ಗದ್ಯದಲ್ಲಿ ದೋಷವಿದ್ದರೆ ಆಗತಕ್ಕ ಹಾನಿಯು ಅದಕ್ಕಿಂತ ದೊಡ್ಡದೆಂಬುದನ್ನು ಮುಂದೆ ತೋರಿಸುತ್ತೇನೆ.

ವಿಚಾರಕ್ಕೆ ಆಧಾರವಾಗಿ ಒಂದು ವಾಕ್ಯ ಬೇಕು. ಯಾವ ಗ್ರಂಥಕರ್ತರನ್ನೂ ನೋಯಿಸುವ ಉದ್ದೇಶವಿಲ್ಲವಾದುದರಿಂದ, ಎಲ್ಲೆಲ್ಲಿಯೂ ಕಾಣುವ ಮಾದರಿಯನ್ನು ಅನುಸರಿಸಿ ನಾನೇ ಒಂದನ್ನು ಕಟ್ಟಿಕೊಡುತ್ತೇನೆ: "ಸೂಕ್ಷ್ಮಾಣುಜೀವಿಗಳನ್ನು ಬಳಸಿಕೊಂಡು ತ್ಯಾಜ್ಯಜಲ ಹಾಗೂ ಜೀವರಾಶಿಯನ್ನು ಉಪಯುಕ್ತ ಉತ್ಪನ್ನಗಳನ್ನಾಗಿ ಪರಿವರ್ತಿಸಲಾಗುತ್ತದೆ." ವಾಚಕರಲ್ಲಿ ಹಲವರು ಇಂಥ ವಾಕ್ಯವನ್ನು ಮಕ್ಕಳಿಗೆ ಪಾಠ ಹೇಳಿಯೇ ಇರುತ್ತಾರೆ. ಇದರಲ್ಲಿ ಲಿಂಗವಚನವಿಭಕ್ತಿಗಳ ದೋಷವಿಲ್ಲ. ಪರೀಕ್ಷಕನು ಪೂರ್ಣಾಂಕ ಕೊಟ್ಟಾನು. ಹೀಗಿದ್ದರೂ ಇಲ್ಲಿ ನಡೆದ ಕ್ರಿಯೆಯಾವುದು, ಅದನ್ನು ಮಾಡಿದವರಾರು ಎಂದು ಕೇಳಿದರೆ ವಾಕ್ಯವು ಉತ್ತರ ಕೊಡುವುದಿಲ್ಲ.

ಕಾರಕಗಳ ವ್ಯವಸ್ಥೆಯನ್ನು ಸ್ಮರಿಸಿಕೊಳ್ಳೋಣ. ಕ್ರಿಯೆಯಲ್ಲಿ ಸ್ವತಂತ್ರವೆಂದು ವಿವಕ್ಷಿತವಾದದ್ದು ಕರ್ತೃ. ಕ್ರಿಯಾಸಿದ್ಧಿಗೆ ಅತ್ಯಂತ ಉಪಕಾರಕವಾದದ್ದು ಕರಣ. ದೇವದತ್ತನು ಕೊಡಲಿಯಿಂದ ಮರವನ್ನು ಕಡಿಯುವಾಗ ಕೊಡಲಿಯು ಕರಣ. ಕೊಡಲಿಗೆ ಹಸಿವಿಲ್ಲ, ಅದು ಮರಿ ಹಾಕುವುದಿಲ್ಲ, ಗೋಡೆಗೆ ಒರಗಿಸಿಟ್ಟು ಆರು ತಿಂಗಳ ಮೇಲೆ ಎತ್ತಿಕೊಂಡರೂ ಕಡಿಯುತ್ತದೆ. ಸೂಕ್ಷ್ಮಜೀವಿಯಾದರೋ ಕೊಳಚೆಯಲ್ಲಿರುವ ದ್ರವ್ಯವನ್ನು ತಿನ್ನುತ್ತದೆ, ತನ್ನ ಜಾತಿಗೆ ತಕ್ಕಂತೆ ಗಾಳಿಯನ್ನು ಬಯಸುತ್ತದೆ ಇಲ್ಲವೆ ಒಲ್ಲೆನೆನ್ನುತ್ತದೆ, ಬೆಳೆಯುತ್ತದೆ, ಇಮ್ಮಡಿಯಾಗುತ್ತದೆ, ಅನ್ನವಿಲ್ಲದಿದ್ದರೆ ಸಾಯುತ್ತದೆ. ನಾವು ಉಪಯುಕ್ತವೆನ್ನುವ ಪದಾರ್ಥವು ಅದರ ಜೀವನೋಪಾಯದಲ್ಲಿ ಉಳಿದುಬಂದದ್ದು. ಇಂಥದನ್ನು "ಬಳಸಿಕೊಂಡು" ಎಂಬ ಪದದಿಂದ ಕೊಡಲಿಯ ಪಕ್ಕದಲ್ಲಿ ನಿಲ್ಲಿಸಿ, "ಪರಿವರ್ತಿಸಲಾಗುತ್ತದೆ" ಎಂಬ ಕರ್ಮಣಿಪ್ರಯೋಗದ ತೆರೆಯ ಹಿಂದೆ ಹೆಸರಿಲ್ಲದ ಒಬ್ಬ ಎಂಜಿನಿಯರನನ್ನು ಕರ್ತೃವಾಗಿ ಕುಳ್ಳಿರಿಸಿದಂತಾಯಿತು. "-ಲಾಗುತ್ತದೆ" ಎಂಬ ರೂಪವು ಕನ್ನಡದ ಸಹಜವಾದ ನಡೆಯಲ್ಲವೆಂಬುದು ಹಳೆಯ ದೂರು. ಅದನ್ನು ಮತ್ತೆ ಹಾಡಲಾರೆ. ನನ್ನ ದೂರು ಬೇರೆ: ಈ ಸಂದರ್ಭದಲ್ಲಿ ಅದು ಸುಳ್ಳು ಹೇಳುತ್ತದೆ.

ಇಲ್ಲಿ ಪೂರ್ವಪಕ್ಷಿಯೊಬ್ಬನು ಏಳಬಹುದು. "ಅಯ್ಯಾ, ಮನೆಯ ಮಾತನ್ನಾದರೂ ನೋಡು. ಹಾಲು ಹೆಪ್ಪುಗಟ್ಟಿತು, ಹಿಟ್ಟು ಹುಳಿ ಬಂತು, ಗೊಬ್ಬರ ಕಳಿಯಿತು ಎನ್ನುತ್ತೇವೆ. ಇವುಗಳಲ್ಲಿ ಸೂಕ್ಷ್ಮಜೀವಿಯ ಸುಳಿವೆಲ್ಲಿದೆ? ಅಚ್ಚಗನ್ನಡವೇ ಕರ್ತೃವನ್ನು ಮರೆಸಿರುವಾಗ ಪಾಠಪುಸ್ತಕವನ್ನು ಏಕೆ ದೂರುತ್ತೀಯೆ?" ಆಕ್ಷೇಪವು ಗಟ್ಟಿಯಾದದ್ದು. ಸಮಾಧಾನ ಹೀಗೆ. ಕ್ರಿಯೆಯ ಸೌಕರ್ಯವನ್ನು ಹೇಳಬೇಕೆಂದಾಗ ಕರ್ಮವನ್ನೇ ಕರ್ತೃವೆಂದು ವಿವಕ್ಷಿಸುವುದುಂಟು. ಅನ್ನವು ತಾನೇ ಬೇಯುತ್ತದೆ ಎಂಬಲ್ಲಿ ಅಡುಗೆಯವನ ವ್ಯಾಪಾರವು ಮರೆಯಾಗಿ ಅನ್ನವೇ ಮುಂದೆ ಬರುತ್ತದೆ. ಇದಕ್ಕೆ ಕರ್ಮಕರ್ತರಿಯೆಂದು ಹೆಸರು. "ಹಾಲು ಹೆಪ್ಪುಗಟ್ಟಿತು" ಎಂಬುದು ಈ ಜಾತಿಯದು. ಹಾಗೆನ್ನುವ ಗೃಹಿಣಿಗೆ ಜೀವಾಣುವಿನ ಹೆಸರು ತಿಳಿಯದಿರಬಹುದು. ಆದರೆ ಹೆಪ್ಪುಗಟ್ಟಿಸಿದವಳು ತಾನೆಂಬ ಅಭಿಮಾನವು ಆ ವಾಕ್ಯದಲ್ಲಿಲ್ಲ. ಹಾಲಿನೊಳಗೇ ಏನೋ ನಡೆಯುತ್ತದೆಂದು ಅದು ಒಪ್ಪಿಕೊಂಡಿದೆ. ಆದುದರಿಂದಲೇ ಆಕೆ ಹಾಲನ್ನು ಉಗುರುಬೆಚ್ಚಗೆ ಇಡುತ್ತಾಳೆ, ಅಲುಗಿಸುವುದಿಲ್ಲ, ನಾಳೆಗೆಂದು ಒಂದು ಚಮಚ ಮೊಸರನ್ನು ಉಳಿಸುತ್ತಾಳೆ. ಕರ್ಮಣಿಪ್ರಯೋಗದಲ್ಲಿಯೂ ಕರ್ಮಕರ್ತರಿಯಲ್ಲಿಯೂ ಕರ್ತೃಪದವಿಲ್ಲದಿರಬಹುದು. ಆದರೆ ಮೊದಲನೆಯದು ಮನುಷ್ಯನನ್ನು ಊಹಿಸಿಕೊಳ್ಳಲು ಹೇಳುತ್ತದೆ, ಎರಡನೆಯದು ದ್ರವ್ಯವನ್ನು ಗಮನಿಸಲು ಹೇಳುತ್ತದೆ.

ಉಳಿಸಿದ ಆ ಒಂದು ಚಮಚ ಮೊಸರಿನ ಮಹಿಮೆಯನ್ನು ಸ್ವಲ್ಪ ವಿಸ್ತರಿಸಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಡೇವಿಹಲ್ಮ್ ಎಂಬಲ್ಲಿ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನಜ್ಞರು ಕೊಳಚೆನೀರಿಗೆ ಗಾಳಿಯೂದಿ ನೋಡಿದರು. ಮೊದಲ ಸಲ ಆ ನೀರಿನ ಅಮೋನಿಯವು ಪೂರ್ತಿಯಾಗಿ ನೈಟ್ರೇಟಾಗಲು ಸುಮಾರು 5 ವಾರ ಹಿಡಿಯಿತು. ಅಷ್ಟು ಕಾಲ ನಗರದ ನೀರನ್ನು ತೊಟ್ಟಿಗಳಲ್ಲಿ ತಡೆದಿಡುವುದು ಯಾರಿಂದಲೂ ಆಗದ ಕೆಲಸ. ಅವರ ಬುದ್ಧಿಯು ಮುಂದಿನ ಹೆಜ್ಜೆಯಲ್ಲಿದೆ. ತಿಳಿಯನ್ನು ಬಸಿದು, ತಳದಲ್ಲಿ ಕೂತ ಕೆಸರನ್ನು ಎಸೆಯದೆ ಅಲ್ಲಿಯೇ ಉಳಿಸಿ, ಅದರ ಮೇಲೆ ಹೊಸ ಕೊಳಚೆಯನ್ನು ಹೊಯ್ದು ಮತ್ತೆ ಗಾಳಿಯೂದಿದರು. ಹೀಗೆಯೇ ಸಲಸಲವೂ ಮಾಡಿದರು. ಕೆಸರು ಹೆಚ್ಚುತ್ತ ಬಂದಂತೆ ಕಾಲವು ಕುಗ್ಗುತ್ತ ಬಂದು, ವಾರಗಳ ಕೆಲಸವು 24 ಗಂಟೆಯೊಳಗೆ ಮುಗಿಯುವಂತಾಯಿತು. 1914ರ ಏಪ್ರಿಲ್ 3ರಂದು ಅವರು ಇದನ್ನು ವಿದ್ವತ್ಸಭೆಯಲ್ಲಿ ಮಂಡಿಸಿದರು. ಇಂದು ಲೋಕದ ದೊಡ್ಡ ನಗರಗಳಲ್ಲಿ ಬಳಕೆಯಲ್ಲಿರುವ ಶುದ್ಧೀಕರಣವಿಧಾನಗಳಲ್ಲಿ ಮುಖ್ಯವಾದದ್ದು ಇದೇ.

ಈ ಪ್ರಯೋಗಕ್ಕೆ ಪ್ರೇರಕರಾಗಿದ್ದ ಗಿಲ್ಬರ್ಟ್ ಫೌಲರ್ ಎಂಬವರು 1912ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗಶಾಲೆಯನ್ನು ಕಂಡುಬಂದು ಆರ್ಡರ್ನ್, ಲಾಕೆಟ್‌ರಿಗೆ ದಾರಿಯನ್ನು ಸೂಚಿಸಿದ್ದರು. ಅವರೇ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಹೀಗೆ ಈ ವಿದ್ಯೆಯು ಕನ್ನಡನಾಡಿಗೆ ಬಂದು ನೂರು ವರ್ಷ ಮೀರಿದೆ; ಅದಕ್ಕೊಂದು ಕನ್ನಡ ಇನ್ನೂ ಒದಗದಿರುವುದು ವಿಷಾದಕರ. ಆಂಗ್ಲದಲ್ಲಿ ಆ ಕೆಸರಿಗೆ ಚೇತನಗೊಂಡ ಕೆಸರೆಂಬರ್ಥದ ಹೆಸರು ಬಿದ್ದಿತು. ನಮ್ಮವರು "ಸಕ್ರಿಯ ಕೆಸರು", "ಕ್ರಿಯಾಶೀಲಗೊಳಿಸಿದ ರೊಚ್ಚು" ಎಂದೆಲ್ಲ ಮಾಡಿದರು. ಕೇಳಿದವನಿಗೆ ಯಾವುದೋ ರಾಸಾಯನಿಕದ ಪುಡಿ ಬೆರೆಸಿದ ಮಣ್ಣೆಂಬ ಭಾವನೆಯಾದರೆ ಆಶ್ಚರ್ಯವಿಲ್ಲ. ಅದು ಜೀವಿಗಳ ಮುದ್ದೆ. ಇಂದಿನದನ್ನು ನಾಳೆಗೆ ಉಳಿಸುವುದೇ ಅದರ ರಹಸ್ಯ. ಅದಕ್ಕೆ ನಮ್ಮ ಅಡುಗೆಮನೆಯಲ್ಲಿ ಹೆಪ್ಪು ಎಂಬ ಶಬ್ದವು ಸಿದ್ಧವಾಗಿದೆ. "ತೊಟ್ಟಿಗೆ ಹೆಪ್ಪು ಹಾಕು", "ಹೆಪ್ಪುಗೆಸರನ್ನು ಮರಳಿಸು" ಎಂದರೆ ಸ್ಥಾವರದ ಕೆಲಸಗಾರನಿಗೆ ಮರುಮಾತಿಲ್ಲದೆ ತಿಳಿಯುತ್ತದೆ. ಅಷ್ಟೇ ಅಲ್ಲ, ಹೆಪ್ಪನ್ನು ಕೆಡಿಸಬಾರದೆಂಬ ವಿಧಿಯೂ ಆ ಶಬ್ದದೊಡನೆಯೇ ಬರುತ್ತದೆ. ವಿದ್ಯುತ್ತನ್ನು ಉಳಿಸಲೆಂದು ರಾತ್ರಿಯೆಲ್ಲ ಗಾಳಿಯ ಯಂತ್ರವನ್ನು ನಿಲ್ಲಿಸಿ ಬೆಳಗ್ಗೆ ತಿರುಗಿಸಿದರೆ ಯಂತ್ರವೇನೋ ತಿರುಗೀತು. ಉಸಿರುಗಟ್ಟಿದ ಜೀವಿಗಳು ಗುಂಡಿಯನ್ನೊತ್ತಿದ ಮಾತ್ರಕ್ಕೆ ಏಳುವುದಿಲ್ಲ. ಅವುಗಳಲ್ಲಿ ಅಮೋನಿಯವನ್ನು ನೈಟ್ರೇಟಾಗಿಸುವ ಜಾತಿಗಳಂತೂ ಬಹಳ ನಿಧಾನವಾಗಿ ಬೆಳೆಯತಕ್ಕವು. ಒಮ್ಮೆ ಕಳೆದುಕೊಂಡರೆ ಮತ್ತೆ ನೆಲೆಗೊಳ್ಳಲು ದಿನಗಳಲ್ಲ, ವಾರಗಳೇ ಬೇಕಾಗುತ್ತವೆ.

ಇನ್ನು ಕಿಣ್ವಶಬ್ದ. ಇದನ್ನು ಈಗಿನ ಕನ್ನಡವು ಎಂಜೈಮ್ ಎಂಬುದಕ್ಕೆ ಕೊಟ್ಟಿದೆ. ಸಂಸ್ಕೃತದಲ್ಲಿ ಕಿಣ್ವವೆಂದರೆ ಸುರೆಯನ್ನು ಹುದುಗಿಸುವ ಮುದ್ದೆ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಸುರಾಧ್ಯಕ್ಷನ ಪ್ರಕರಣದಲ್ಲಿ, ಉದ್ದಿನ ಮುದ್ದೆಯನ್ನು ಅಕ್ಕಿಯೊಡನೆಯೂ ಮೋರಟವೇ ಮೊದಲಾದ ಮೂಲಿಕೆಗಳೊಡನೆಯೂ ಕೂಡಿಸಿ ಕಿಣ್ವವನ್ನು ಕಟ್ಟುವ ಕ್ರಮ ಹೇಳಿದೆ. ಚಾರ್ವಾಕರು ಇದನ್ನೇ ದೃಷ್ಟಾಂತವಾಗಿ ಹಿಡಿದು, ಜಡವಾದ ಕಿಣ್ವಾದಿಗಳಿಂದ ಮದಶಕ್ತಿ ಹುಟ್ಟುವಂತೆ ಜಡಭೂತಗಳಿಂದ ಚೈತನ್ಯವು ಹುಟ್ಟುತ್ತದೆಂದು ವಾದಿಸಿದರೆಂಬುದು ಸರ್ವದರ್ಶನಸಂಗ್ರಹವನ್ನು ಓದಿದವರಿಗೆ ವಿದಿತವೇ ಆಗಿದೆ. ಪಾಪ, ದೃಷ್ಟಾಂತವೇ ಕೈಕೊಟ್ಟಿತು. ಹುದುಗುವಿಕೆಯು ಜೀವಿಗಳ ಕೆಲಸವೆಂದು ಪ್ಯಾಶ್ಚರ್ 1857ರಿಂದ ಮೊದಲುಗೊಂಡು ಪ್ರಯೋಗಗಳಿಂದ ಸ್ಥಾಪಿಸಿದನು. ಅವರು ಜಡವೆಂದುಕೊಂಡ ಮುದ್ದೆಯಲ್ಲಿಯೇ ಚೈತನ್ಯವು ಕಿಕ್ಕಿರಿದಿತ್ತು. ಅಷ್ಟಾದರೂ ಚಾರ್ವಾಕನನ್ನು ಪೂರ್ತಿ ಸೋತನೆನ್ನಲಾಗದು: ಯೀಸ್ಟಿನ ಜೀವಕೋಶಗಳನ್ನು ಅರೆದು ಹಿಂಡಿದ ನಿರ್ಜೀವರಸವೂ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ಬುಖ್ನರ್ 1897ರಲ್ಲಿ ತೋರಿಸಿದನು. ಆ ರಸದಲ್ಲಿರತಕ್ಕದ್ದೇ ಎಂಜೈಮ್. ಆ ಗ್ರೀಕ್ ಹೆಸರಿನ ಅರ್ಥವೂ ಹುದುಗಿನ ಒಳಗಿನದು ಎಂದೇ. ನಮ್ಮ ಪಾರಿಭಾಷಿಕರು ಒಳಗಣದಕ್ಕೆ ಹೊರಗಣದರ ಹೆಸರನ್ನಿಟ್ಟರು. ಫಲವಾಗಿ ಜೀವವುಳ್ಳ ಹುದುಗಿಗೆ ನಮ್ಮ ಹೆಸರಿಲ್ಲದೆ ಯೀಸ್ಟ್ ಎಂದೇ ಕರೆಯಬೇಕಾಯಿತು. ರೂಢಿಯು ಬಲವಾಗಿ ಬೇರೂರಿದೆ. ಕಿಣ್ವವನ್ನು ಹಿಂದಕ್ಕೆ ಪಡೆಯುವ ಪ್ರಯತ್ನವು ವ್ಯರ್ಥ. ಆದರೆ "ಕಿಣ್ವ ಹಾಕಿದರೆ ಕೊಳಚೆ ತಿಳಿಯಾಗುತ್ತದೆ" ಎಂದು ಬರೆಯುವವರು ತಾವು ಜೀವಿಯನ್ನು ಹೇಳುತ್ತಿರುವರೋ ನಿರ್ಜೀವರಸವನ್ನೋ ಎಂಬುದನ್ನು ಒಂದು ವಿಶೇಷಣದಿಂದಲಾದರೂ ಸ್ಪಷ್ಟಪಡಿಸಬೇಕು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ಸೂಕ್ಷ್ಮಜೀವಿಗಳ ವಿದ್ಯೆಯೆಲ್ಲವೂ ನಮ್ಮ ಪ್ರಾಚೀನರಿಗೆ ತಿಳಿದಿತ್ತೆಂದು ಸಭೆಗಳಲ್ಲಿ ಹೇಳುವುದು ಈಚೆಗೆ ಹೆಚ್ಚಾಗಿದೆ. ವೃಕ್ಷಾಯುರ್ವೇದದ ಕುಣಪಜಲವನ್ನು ಸಾಕ್ಷಿಗೆ ಕರೆಯುತ್ತಾರೆ. ಮಾಂಸ, ಮಜ್ಜೆ ಮೊದಲಾದವನ್ನು ಕೊಳೆಯಿಸಿ ಗಿಡಕ್ಕೆರೆಯುವ ಆ ಕ್ರಮವು ಸುರಪಾಲನಲ್ಲಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಸ್ಥಾನವುಂಟು. ಇವು ನಮ್ಮವರ ಸೂಕ್ಷ್ಮದೃಷ್ಟಿಗೆ ಗೌರವ ತರತಕ್ಕವು. ಆದರೆ ಅವರು ಕಂಡದ್ದು ಕಾರ್ಯವನ್ನು, ಕರ್ತೃವನ್ನಲ್ಲ. ಚರಕನು ರಕ್ತಜಕ್ರಿಮಿಗಳಲ್ಲಿ ಕೆಲವು ಅತಿಸೂಕ್ಷ್ಮವಾದುದರಿಂದ ಕಣ್ಣಿಗೆ ಕಾಣವೆಂದು ಹೇಳಿರುವುದು ನಿಜ. ಆದರೆ ಅಲ್ಲಿ ಅವು ರೋಗಹೇತುಗಳು, ಹೊರಹಾಕಬೇಕಾದವು. ಕೊಳೆಯುವಿಕೆಗೂ ಹುದುಗುವಿಕೆಗೂ ಅವುಗಳೇ ಕಾರಣವೆಂದು ಯಾರೂ ಹೇಳಲಿಲ್ಲ. ಇಲ್ಲದ ವ್ಯಾಪ್ತಿಯನ್ನು ಕಲ್ಪಿಸಿ ಅನುಮಾನ ಮಾಡುವುದು ನ್ಯಾಯಶಾಸ್ತ್ರವನ್ನು ಓದಿದವರಿಗೆ ಶೋಭಿಸದು. ಕ್ರಿಮಿಶಬ್ದದಲ್ಲಿ ಆ ಹಗೆತನದ ವಾಸನೆ ಇಂದಿಗೂ ಉಳಿದಿರುವುದರಿಂದ ದುಡಿಯುವ ಜೀವಿಗಳಿಗೆ ಅದನ್ನು ಬಳಸದಿರುವುದೇ ಲೇಸು.

ಮಾದರಿವಾಕ್ಯದ ಕರ್ಮಪದಗಳು ಉಳಿದಿವೆ. ಜೀವರಾಶಿಯೆಂಬುದನ್ನು ಬೇಗ ಮುಗಿಸಬಹುದು: ಹರಿಕಥೆಯನ್ನು ಕೇಳಿ ಬೆಳೆದ ಕನ್ನಡಿಗನಿಗೆ ಅದು ಎಂಬತ್ತನಾಲ್ಕು ಲಕ್ಷ ಯೋನಿಗಳಲ್ಲಿ ಹುಟ್ಟಿದ ಸಕಲ ಪ್ರಾಣಿಗಳು. "ಜೀವರಾಶಿಯನ್ನು ಸುಟ್ಟು ವಿದ್ಯುತ್ತನ್ನು ಪಡೆಯಬಹುದು" ಎಂದು ಓದಿ ಅವನು ಹೌಹಾರಿದರೆ ತಪ್ಪು ಅವನದಲ್ಲ. ಸೊಪ್ಪುಸದೆ, ಕಬ್ಬಿನ ರಚ್ಚು, ಸಗಣಿ ಎಂದು ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಸಾಮಾನ್ಯನಾಮ ಬೇಕಾದಲ್ಲಿ ಜೈವಶೇಷ ಎನ್ನಬಹುದು.

ತ್ಯಾಜ್ಯಶಬ್ದವು ಅಷ್ಟು ಸುಲಭವಲ್ಲ. ಅದು ಕೃತ್ಯಪ್ರತ್ಯಯಾಂತ, ಬಿಡತಕ್ಕದ್ದು, ಬಿಡಲು ಅರ್ಹವಾದದ್ದು ಎಂದು ಅರ್ಥ. ಪಂಚಾಂಗದಲ್ಲಿ ತ್ಯಾಜ್ಯಕಾಲವೆಂದರೆ ಶುಭಕಾರ್ಯಕ್ಕೆ ಕೂಡದ ಕಾಲ. ಹೀಗೆ ಶಬ್ದದ ಒಡಲಲ್ಲಿಯೇ ನಿಷೇಧವಿದೆ. ಬಿಡತಕ್ಕದ್ದರಿಂದ ಉಪಯೋಗವನ್ನು ಪಡೆಯುತ್ತೇವೆನ್ನುವ ಶಾಸ್ತ್ರವು ತನ್ನ ಮೊದಲ ಪದದಲ್ಲಿಯೇ ತನ್ನನ್ನು ಖಂಡಿಸಿಕೊಂಡಿತು. ಬಿಟ್ಟದ್ದು ಎಂಬ ಸಂಗತಿಯನ್ನಷ್ಟೇ ಹೇಳುವ ತ್ಯಕ್ತಶಬ್ದವು ನಿರ್ದುಷ್ಟ. ಶೇಷವೆಂಬುದು ಇನ್ನೂ ಮೇಲು. ಉಚ್ಛಿಷ್ಟವೆನ್ನಲು ಮಡಿವಂತರು ಹಿಂಜರಿದಾರು. ಆದರೆ ಅಥರ್ವವೇದದಲ್ಲಿ ಉಚ್ಛಿಷ್ಟವನ್ನು ಜಗದಾಧಾರವೆಂದು ಕೊಂಡಾಡುವ ಸೂಕ್ತವೊಂದಿದೆ. ವಸ್ತುಸ್ಥಿತಿಗೂ ಇದೇ ಹೊಂದುತ್ತದೆ. ಗೋಬರ್ ಅನಿಲದ ಗುಂಡಿಯೊಳಗೆ ನಡೆಯುವುದೇನು? ಕೆಲವು ಜೀವಾಣುಗಳು ಸಗಣಿಯ ದೊಡ್ಡ ಅಣುಗಳನ್ನು ಒಡೆಯುತ್ತವೆ. ಇನ್ನು ಕೆಲವು ಆ ಒಡಕನ್ನು ತಿಂದು ಆಮ್ಲಗಳನ್ನು ಬಿಡುತ್ತವೆ. ಬೇರೆ ಕೆಲವು ಆ ಆಮ್ಲಗಳಿಂದ ಅಸಿಟೇಟನ್ನೂ ಜಲಜನಕವನ್ನೂ ಉಳಿಸುತ್ತವೆ. ಇವನ್ನುಂಡು ಮೀಥೇನನ್ನು ಬಿಡತಕ್ಕವು ಕಡೆಯ ಪಂಕ್ತಿಯವು. ಒಂದರ ಉಚ್ಛಿಷ್ಟವು ಮತ್ತೊಂದರ ಅನ್ನ. ಕಡೆಯ ಪಂಕ್ತಿಯವನ್ನು ಬ್ಯಾಕ್ಟೀರಿಯಾ ಎನ್ನುವುದೂ ಸಲ್ಲದು; ಅವು ಆರ್ಕಿಯಾ ಎಂಬ ಬೇರೆಯೇ ಕುಲದವೆಂದು ಕಾರ್ಲ್ ವೋಸ್ ಮತ್ತು ಆತನ ಸಹಾಯಕನು 1977ರಲ್ಲಿ ಪ್ರಕಟಿಸಿದರು; ಪಾಠಪುಸ್ತಕಗಳು ಇದನ್ನು ಇನ್ನಾದರೂ ಗಮನಿಸಬೇಕು. ಅವು ಮಂದಗತಿಯವು. ಗುಂಡಿಗೆ ಒಮ್ಮೆಗೇ ಹೆಚ್ಚು ತಿನಿಸು ಸುರಿದರೆ ಆಮ್ಲ ಮಾಡುವವು ಮುಂದೋಡಿ, ಉಣ್ಣುವವು ಹಿಂದುಳಿದು, ಗುಂಡಿಯು ಹುಳಿತು ಅನಿಲ ನಿಲ್ಲುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಬರುವುದೆಂಬುದು ಯಂತ್ರದ ತರ್ಕ. ಅದನ್ನು ರೈತನಿಗೆ ಕಲಿಸುವುದು "ಪರಿವರ್ತಿಸಲಾಗುತ್ತದೆ" ಎಂಬ ಕ್ರಿಯಾಪದವೇ.

ಸಂಸ್ಕರಣವೆಂಬ ಶಬ್ದ ಮಾತ್ರ ಒಳ್ಳೆಯದಾಗಿದ್ದು ದುಡಿತದಿಂದ ಸವೆದಿದೆ. ಒಂದು ದ್ರವ್ಯದಲ್ಲಿ ಬೇರೊಂದು ಗುಣವನ್ನು ಇಡುವುದೇ ಸಂಸ್ಕಾರವೆಂದು ಚರಕನು ವಿಮಾನಸ್ಥಾನದಲ್ಲಿ ವಿವರಿಸಿದ್ದಾನೆ. ಈ ಲಕ್ಷಣವನ್ನು ಹಿಡಿದರೆ ಸಂಸ್ಕರಿಸಿದ ನೀರು ಎಂದೊಡನೆ ಯಾವ ಗುಣ ಹೋಯಿತು, ಯಾವುದು ಬಂದಿತು ಎಂದು ಕೇಳಬೇಕಾಗುತ್ತದೆ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದಾಗ ಎದ್ದ ವಿವಾದವೂ ನ್ಯಾಯಾಲಯದವರೆಗೆ ಹೋದ ವ್ಯಾಜ್ಯವೂ ಈ ಪ್ರಶ್ನೆಯ ಸುತ್ತಲೇ ತಿರುಗಿದವು. ಒಂದು ಪಕ್ಷವು ನೀರು ಸಂಸ್ಕೃತವೇ ಆಗಿದೆಯೆಂದಿತು. ಇನ್ನೊಂದು ಮೂರನೆಯ ಹಂತದ ಸಂಸ್ಕಾರ ಬೇಕೆಂದಿತು. ಎರಡನೆಯ ಹಂತದಲ್ಲಿ ಜೀವಿಗಳು ತಮಗೆ ಅನ್ನವಾಗುವುದನ್ನು ಮಾತ್ರ ತೆಗೆಯುತ್ತವೆ. ಅನ್ನವಲ್ಲದ ಲೋಹವೇ ಮೊದಲಾದವುಗಳಿಗೆ ಅವು ಹೊಣೆಯಲ್ಲ. ಕರ್ತೃವನ್ನು ಹೇಳಿದ್ದರೆ ಇಷ್ಟಾದರೂ ಜನಕ್ಕೆ ತಿಳಿಯುತ್ತಿತ್ತು.

ಮೊದಲಿಗೆ ದೊಡ್ಡ ಹಾನಿಯೆಂದೆನಷ್ಟೆ. ಮಲದ ಗುಂಡಿಗೆ ಇಳಿದ ಕೂಲಿಯವರು ಸತ್ತ ಸುದ್ದಿಯನ್ನು ಪತ್ರಿಕೆಗಳು ಒಂದು ಸಿದ್ಧರೂಪದಲ್ಲಿ ಅಚ್ಚುಹಾಕುತ್ತವೆ: ವಿಷಾನಿಲ ಸೇವಿಸಿ ಇಂತಿಷ್ಟು ಮಂದಿಯ ಸಾವು. ಸೇವಿಸಿ! ಔಷಧವನ್ನು ಸೇವಿಸುತ್ತಾರೆ, ತೀರ್ಥವನ್ನು ಸೇವಿಸುತ್ತಾರೆ. ಬದುಕಿದ್ದಾಗ ಯಾವ ವಾಕ್ಯದಲ್ಲಿಯೂ ಕರ್ತೃಸ್ಥಾನ ಪಡೆಯದವನಿಗೆ ಸತ್ತ ದಿನ ಆ ಸ್ಥಾನ ದೊರೆಯಿತು, ಅದೂ ತನ್ನ ಸಾವಿಗೆ ತಾನೇ ಕರ್ತೃವಾಗಿ. ಗಾಳಿಯಿಲ್ಲದ ಗುಂಡಿಯಲ್ಲಿ ಕೊಳೆಯಲ್ಲಿನ ಗಂಧಕದ ಲವಣಗಳನ್ನು ಹಿಡಿದು ಬದುಕುವ ಜೀವಾಣುಗಳು ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಮೊಟ್ಟೆ ಕೊಳೆತಂಥ ಅದರ ನಾತವು ಅಲ್ಪಪ್ರಮಾಣದಲ್ಲಿ ತಿಳಿಯುತ್ತದೆ. ಪ್ರಮಾಣ ಹೆಚ್ಚಿದರೆ ಮೂಗಿನ ಶಕ್ತಿಯೇ ಕುಂದಿ ನಾತವು ನಿಂತಂತೆ ತೋರುತ್ತದೆ. ನಾತ ನಿಂತಿತೆಂದು ಇಳಿಯತಕ್ಕವನಿಗೆ ಅಪಾಯ ಹೋಯಿತೆಂದು ಭ್ರಮೆಯಾಗುವುದು ಅಲ್ಲಿಯೇ. ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಇಳಿಸಿದವರೊಬ್ಬರಿದ್ದಾರೆ, ಆ ವಾಕ್ಯದಲ್ಲಿ ಅವರ ಹೆಸರೂ ಇಲ್ಲ. ಅನಿಲವನ್ನು ಮಾಡಿದ ಜೀವಿ, ಗುಂಡಿಗೆ ಇಳಿಸಿದ ಮನುಷ್ಯ, ಇವರಿಬ್ಬರನ್ನೂ ಬಿಟ್ಟು ಸತ್ತವನನ್ನು ಕರ್ತೃವಾಗಿಸುವ ಗದ್ಯವನ್ನು ನಾವು ಭಾಷಾಧ್ಯಾಪಕರು ಪ್ರತಿದಿನವೂ ಓದಿ ಮಡಿಸಿಡುತ್ತೇವೆ.

ಪರಿಹಾರಕ್ಕಾಗಿ ಹೊಸ ವ್ಯಾಕರಣ ಬೇಕಿಲ್ಲ. ಸ್ವತಂತ್ರನಾದ ಕರ್ತೃವನ್ನು ಕೆಲಸದಲ್ಲಿ ತೊಡಗಿಸುವವನಿಗೆ ಪ್ರಯೋಜಕಕರ್ತೃವೆಂದು ಶಾಸ್ತ್ರದಲ್ಲಿ ಹೆಸರುಂಟು. ಕನ್ನಡದಲ್ಲಿ ಅದಕ್ಕೆ "ಇಸು" ಪ್ರತ್ಯಯವಿದೆ. ಉಣ್ಣುವವು ಜೀವಿಗಳು, ಉಣಿಸುವವನು ಎಂಜಿನಿಯರ್. ಮಾದರಿವಾಕ್ಯವನ್ನು ಹೀಗೆ ತಿದ್ದಬಹುದು: "ಕೊಳಚೆನೀರನ್ನೂ ಸೊಪ್ಪುಸದೆಯನ್ನೂ ಸೂಕ್ಷ್ಮಜೀವಿಗಳಿಗೆ ಉಣಿಸಿದರೆ, ಅವು ತಾವು ಉಂಡು ಉಳಿಸಿದ್ದರಲ್ಲಿ ನಮಗೆ ಬೇಕಾದ ಅನಿಲವನ್ನೂ ಗೊಬ್ಬರವನ್ನೂ ಬಿಡುತ್ತವೆ." ಕೇಳಲು ಒರಟೆನ್ನುವವರು ಒಪ್ಪವಿಡಲಿ, ಕಾರಕಗಳನ್ನು ಮಾತ್ರ ಕದಲಿಸಬಾರದು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ವಿಜ್ಞಾನಸಂಸ್ಥೆಯ ಅಸ್ತ್ರ ವಿಭಾಗದವರು ನಡೆಸಿದ ಸಾಮುದಾಯಿಕ ಅನಿಲಸ್ಥಾವರವು ಈ ಭಾಷೆಗೆ ಒಳ್ಳೆಯ ಪರೀಕ್ಷಾಸ್ಥಳವಾಗಬಹುದಿತ್ತು. ಅಡುಗೆಗೆ ಸಾಲುವಷ್ಟು ಅನಿಲ ದೊರೆಯದೆ ಮೊದಲ ಯೋಜನೆ ಕೈಗೂಡಲಿಲ್ಲ. 1987ರಿಂದ ಆ ಅನಿಲದಿಂದ ಎಂಜಿನ್ನನ್ನು ನಡೆಸಿ ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದರು. ಮನೆಮನೆಯವರು ಸಗಣಿಯನ್ನು ತೂಗಿ ಕೊಟ್ಟು, ಅದಕ್ಕೆ ತಕ್ಕ ಅಲ್ಪಧನವನ್ನೂ ಸ್ಥಾವರದಿಂದ ಹೊರಬಂದ ಶೇಷವನ್ನೂ ಹಿಂದಕ್ಕೆ ಪಡೆಯುತ್ತಿದ್ದರು. ಆ ಶೇಷಕ್ಕೆ ವರದಿಗಳಲ್ಲಿಯೂ ಕೈಪಿಡಿಗಳಲ್ಲಿಯೂ ಸ್ಲರಿ ಎಂಬ ಆಂಗ್ಲಪದವೇ ನಿಂತುಬಿಟ್ಟಿದೆ. ನೀರಿನಲ್ಲಿ ಕದಡಿದ ಮಣ್ಣುಸಗಣಿಗಳಿಗೆ ನಮ್ಮ ರೈತರು ಬಗ್ಗಡ ಎನ್ನುತ್ತಾರೆ. ಮುಂದಿನ ಮುದ್ರಣದಲ್ಲಿ ಸಂಪಾದಕರು ಈ ಒಂದು ಪದವನ್ನು ಸೇರಿಸಿದರೂ ಸಾಕು, ತೂಗಿ ಹಿಂದಕ್ಕೆ ಪಡೆಯುವುದೇನೆಂದು ಹೊಲದವನಿಗೆ ಬೇರೆ ಹೇಳಬೇಕಾಗುವುದಿಲ್ಲ.